ಪೆನ್ಸಿಲ್ ಹಿಡಿದವನ ಇನಿಂಗ್ಸ್

ನಮ್ಮ ಕ್ಲಬ್ಬಿನಲ್ಲಿ ಬ್ಯಾಟಿಂಗ್ ಬಾರದವನಿಗೆ ಬೌಲಿಂಗ್ ಕೊಡುತ್ತಾರೆ. ಅದೂ ಬಾರದಿದ್ದರೆ ಫೈನ್ ಲೆಗ್ಗಿಗೆ ಅಟ್ಟುತ್ತಾರೆ. ಅಲ್ಲಿಯೂ ಕ್ಯಾಚು ಬಿಟ್ಟರೆ ನೀರು ತರಲು ಹೇಳುತ್ತಾರೆ. ನೀರನ್ನೂ ಹೊತ್ತಿಗೆ ಸರಿಯಾಗಿ ತಾರದವನು ಸ್ಕೋರು ಬರೆಯುತ್ತಾನೆ. ನಾನು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದವನಲ್ಲ. ನೇರವಾಗಿ ಕೊನೆಯ ಹುದ್ದೆಗೇ ನೇಮಕವಾದವನು. ವೃತ್ತಿಯಲ್ಲಿ ಕನ್ನಡ ಮಾಧ್ಯಮದ ಮಾಷ್ಟ್ರು. “ಮಕ್ಕಳ ಮಾರ್ಕು ಕೂಡಿಸುವವರಿಗೆ ರನ್ನು ಕೂಡಿಸಲು ಎಂತ ಕಷ್ಟ ಮಾಷ್ಟ್ರೇ?” ಎಂದು ಕ್ಯಾಪ್ಟನ್ ಕೇಳಿದ. ಮಾರ್ಕು ಕೂಡಿಸುವಾಗ ಮಕ್ಕಳು ಸುತ್ತ ನಿಂತು “ಅದು ನನ್ನದು, ಇದು ನನ್ನದು” ಎಂದು ಕಿರುಚುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಲೀಗ್ ಮ್ಯಾಚು ಅಂದರೆ ತಮಾಷೆಯ ಮಾತಲ್ಲ. ಊರಿನ ಅಂಡರ್ ಆರ್ಮ್ ಪಂದ್ಯಾಟವಾದರೆ ರಾತ್ರಿ ಲೈಟು ಹಾಕಿ, ಮೈಕದಲ್ಲಿ ತುಳು, ಕನ್ನಡ, ಮಲಯಾಳ ಮೂರನ್ನೂ ಕಲಸಿ ವೀಕ್ಷಕ ವಿವರಣೆ ಕೊಟ್ಟು, ಆಳೆತ್ತರದ ಟ್ರೋಫಿ ಎತ್ತಿ, ಫೋಟೋ ತೆಗೆದು ಮುಗಿಸಬಹುದು. ಅಲ್ಲಿ ಸ್ಕೋರು ಇರುವುದು ಮೈಕದವನ ಬಾಯಲ್ಲಿ. ಅವನು ಹೇಳಿದ್ದೇ ಲೆಕ್ಕ. ಲೀಗಿನಲ್ಲಿ ಹಾಗಲ್ಲ. ಲೆದರ್ ಬಾಲು, ಬಿಳಿ ಅಂಗಿ, ಎರಡೂ ಕಡೆಯಿಂದ ಒಬ್ಬೊಬ್ಬ ಸ್ಕೋರರು. ಇಬ್ಬರು ಬೇಕು ಎನ್ನುವುದು ನಮ್ಮೂರಿನವರು ಮಾಡಿದ ಕಟ್ಟಳೆಯೂ ಅಲ್ಲ. ಲಂಡನ್ನಿನ ಎಂ.ಸಿ.ಸಿ.ಯವರ 2017ರ ನಿಯಮಾವಳಿಯಲ್ಲಿ ಒಂದನೆಯ ನಿಯಮ ಆಟಗಾರರ ಬಗ್ಗೆ, ಎರಡನೆಯದು ಅಂಪೈರುಗಳ ಬಗ್ಗೆ, ಮೂರನೆಯದು ಸ್ಕೋರರುಗಳ ಬಗ್ಗೆ. ಚೆಂಡು ಬರುವುದು ನಾಲ್ಕನೆಯದರಲ್ಲಿ, ಬ್ಯಾಟು ಐದನೆಯದರಲ್ಲಿ. ಚೆಂಡಿಗೂ ಬ್ಯಾಟಿಗೂ ಮೊದಲು ನಾವು! ಈ ವಿಷಯವನ್ನು ಕ್ಲಬ್ಬಿನ ಸಭೆಯಲ್ಲಿ ಹೇಳಿದೆ. “ಹಾಗಾದರೆ ಬಾಲಿನ ದುಡ್ಡನ್ನೂ ಮಾಷ್ಟ್ರೇ ಹಾಕಲಿ” ಎಂದು ಖಜಾಂಚಿ ಅಂದ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮಾನ್ಯದಲ್ಲಿ ಕೇರಳ ಕ್ರಿಕೆಟ್ ಅಸೋಸಿಯೇಶನ್ನಿನ ಮೈದಾನವಿದೆ. ಅಂಥಲ್ಲಿ ಆಡಿದರೆ ಸ್ಕೋರರನಿಗೂ ಒಂದು ಮಾನ. ನಮ್ಮದು ಮುರಕಲ್ಲಿನ ಗುಡ್ಡೆ. ಮಳೆಗಾಲ ಮುಗಿದು ಮುಳಿಹುಲ್ಲು ಒಣಗಿದ ಮೇಲೆ ಅದನ್ನು ಹೆರೆದು, ನಡುವೆ ಮ್ಯಾಟು ಹಾಸಿ, ನಾಲ್ಕು ಮೂಲೆಗೆ ಮೊಳೆ ಹೊಡೆದರೆ ಅದಕ್ಕೆ ಮೈದಾನವೆಂದು ಹೆಸರು. ಚೆಂಡು ಮ್ಯಾಟಿನ ಮೇಲೆ ಬಿದ್ದರೆ ಸಭ್ಯವಾಗಿ ಬರುತ್ತದೆ. ಮ್ಯಾಟಿನ ಅಂಚಿಗೆ ಬಿದ್ದರೆ ಎಲ್ಲಿಗೆ ಹೋಗುತ್ತದೆಂದು ಬೌಲರನಿಗೂ ತಿಳಿಯದು. ಸ್ಕೋರರುಗಳ ಜಾಗ ಗೇರು ಮರದ ಕೆಳಗೆ. ಕೂರಲು ಅಂಗನವಾಡಿಯಿಂದ ತಂದ ಪುಟ್ಟ ಮೇಜು, ಪುಟ್ಟ ಕುರ್ಚಿ. ಅದರಲ್ಲಿ ಕೂತರೆ ಮೊಣಕಾಲು ಮೇಜಿಗಿಂತ ಮೇಲೆ ಬರುತ್ತದೆ, ಪುಸ್ತಕವನ್ನು ಮೊಣಕಾಲಿನ ಮೇಲೇ ಇಟ್ಟು ಬರೆಯಬೇಕು. ಮೇಜಿನ ಮೇಲೆ ಚಾ ಇಡಬಹುದು. ಮೇಲಿಂದ ಹಣ್ಣು ಬೀಳುತ್ತದೆ, ಅದರ ಹಿಂದೆಯೇ ಕೆಂಪಿರುವೆ ಇಳಿಯುತ್ತದೆ. ಗೇರುಹಣ್ಣಿನ ರಸ ಬಟ್ಟೆಗೆ ತಾಗಿದರೆ ಎಷ್ಟು ಒಗೆದರೂ ಹೋಗದು; ಹಳೆಯ ಸ್ಕೋರು ಪುಸ್ತಕದ ಕಂದು ಕಲೆ ನೋಡಿಯೇ ಅದು ಮಾರ್ಚಿನ ಮ್ಯಾಚೋ ಡಿಸೆಂಬರಿನದೋ ಎಂದು ಹೇಳಬಲ್ಲೆ.

ಸ್ಕೋರರನ ಮೊದಲ ಕೆಲಸ ಅಂಪೈರನ ಪ್ರತಿಯೊಂದು ಸನ್ನೆಗೂ ಕೈ ಎತ್ತಿ ಉತ್ತರ ಕೊಡುವುದು. ಇದೂ ಮೂರನೆಯ ನಿಯಮದಲ್ಲೇ ಇದೆ. ಲೆಗ್ ಬೈ ಆದರೆ ಅಂಪೈರು ಮೊಣಕಾಲು ಎತ್ತಿ ಕೈಯಿಂದ ಮುಟ್ಟಬೇಕು. ನಮ್ಮಲ್ಲಿಗೆ ಬರುವ ಒಬ್ಬ ಹಿರಿಯ ಅಂಪೈರಿಗೆ ಮೊಣಕಾಲು ನೋವು. ಅವರು ಕಾಲೆತ್ತುವುದಿಲ್ಲ, ಬಗ್ಗಿ ಒಮ್ಮೆ ತಟ್ಟುತ್ತಾರೆ. ಸೊಳ್ಳೆ ಕಚ್ಚಿದರೂ ಹಾಗೆಯೇ ತಟ್ಟುತ್ತಾರೆ. ಒಂದು ಸಲ ಅವರು ಹೆಗಲಿನ ಬೆವರು ಒರೆಸಿಕೊಂಡದ್ದನ್ನು ಎದುರು ತಂಡದ ಸ್ಕೋರರು ಶಾರ್ಟ್ ರನ್ ಎಂದು ತಿಳಿದು ನಮ್ಮ ಒಂದು ರನ್ನನ್ನು ಕತ್ತರಿಸಿಬಿಟ್ಟಿದ್ದ. ಅದನ್ನು ವಾಪಸು ಪಡೆಯಲು ನಾನು ಮೈದಾನದ ನಡುವಿನವರೆಗೆ ಹೋಗಿಬಂದೆ. ನನ್ನ ಕ್ರಿಕೆಟ್ ಜೀವನದಲ್ಲಿ ಪಿಚ್ಚಿನ ಅಷ್ಟು ಹತ್ತಿರಕ್ಕೆ ಹೋದದ್ದು ಆಗಲೇ.

ಎರಡನೆಯ ಕೆಲಸ ಅರ್ಜಿದಾರರನ್ನು ವಿಚಾರಿಸಿಕೊಳ್ಳುವುದು. ಔಟಾಗಿ ಬಂದವನು ಪ್ಯಾಡು ಬಿಚ್ಚುವ ಮೊದಲು ನೇರ ಗೇರು ಮರಕ್ಕೆ ಬರುತ್ತಾನೆ. ತುಳುವಿನವನು “ಏತಾಂಡ್ ಮಾಷ್ಟ್ರೆ?” ಎನ್ನುತ್ತಾನೆ, ಮಲಯಾಳದವನು “ಎತ್ರ ಆಯಿ ಮಾಷೇ?”, ಹವ್ಯಕರ ಹುಡುಗ “ಎಷ್ಟಾತು?” ಸಾಹಿತ್ಯದಲ್ಲಿ ಸಪ್ತಭಾಷಾ ಸಂಗಮವೆಂದು ಹೊಗಳಿಸಿಕೊಂಡ ನಾಡಿನಲ್ಲಿ ಏಳೂ ಭಾಷೆಯವರ ಪ್ರಶ್ನೆ ಒಂದೇ, ಉತ್ತರ ಕೇಳಿದ ಮೇಲಿನ ಮುಖವೂ ಒಂದೇ. “ನಾಲ್ಕು” ಎಂದರೆ ಸಾಕು, “ಆ ಲೆಗ್ ಬೈ ಉಂಟಲ್ಲ, ಅದು ಲೆಗ್ ಬೈ ಅಲ್ಲ ಮಾಷ್ಟ್ರೇ, ಗ್ಲೌಸಿಗೆ ತಾಗಿದ್ದು. ಬೇಕಾದರೆ ಬೆರಳು ನೋಡಿ” ಎಂದು ಕೆಂಪಾಗದ ಬೆರಳನ್ನು ತೋರಿಸುತ್ತಾರೆ. ಎಲ್‌ಬಿಡಬ್ಲ್ಯೂ ಆದವರಲ್ಲಿ ಹೆಚ್ಚಿನವರು ನನ್ನಲ್ಲಿ ಮೇಲ್ಮನವಿ ಸಲ್ಲಿಸಿದ್ದಾರೆ. ಬೌಲರುಗಳದ್ದು ಬೇರೆ ಬಗೆ. ಅವರಿಗೆ ಬೈ ಅಂದರೆ ಪ್ರೀತಿ. ಬೈ ರನ್ನು ಬೌಲರನ ಲೆಕ್ಕಕ್ಕೆ ಸೇರುವುದಿಲ್ಲವಲ್ಲ! ಬ್ಯಾಟಿನ ನಡುವಿಗೆ ತಾಗಿ ಗುಡ್ಡೆ ಇಳಿದ ಚೆಂಡನ್ನೂ “ಬೈ ಹಾಕಿ ಮಾಷೇ” ಎಂದವರನ್ನು ನೋಡಿದ್ದೇನೆ. ಒಂದು ಬಾಳೆಗೊನೆ, ಒಂದು ಹಲಸಿನ ಹಣ್ಣು, ತೋಟದ ಹತ್ತಿಪ್ಪತ್ತು ಸೀಯಾಳ ಇಷ್ಟು ಆಮಿಷ ಈ ಹುದ್ದೆಯಲ್ಲಿ ಬಂದಿದೆ. ಹಲಸಿನ ಹಣ್ಣನ್ನು ಮಾತ್ರ ಸ್ವೀಕರಿಸಿದೆ, ಅದೂ ಆ ಬೌಲರನಿಗೆ ಬರೆದ ವೈಡುಗಳನ್ನು ಹಾಗೆಯೇ ಇಟ್ಟುಕೊಂಡು.

ಹೆಸರು ಬರೆಯುವುದೇ ಒಂದು ಅಧ್ಯಾಯ. ನಮ್ಮ ಜಿಲ್ಲೆಯ ಮನುಷ್ಯನ ಬದುಕಿನಲ್ಲಿ ಸರಕಾರಿ ಅರ್ಜಿ ಮಲಯಾಳದಲ್ಲಿ, ಶಾಲೆಯ ಪಾಠ ಕನ್ನಡದಲ್ಲಿ, ಜಗಳ ತುಳುವಿನಲ್ಲಿ. ಸ್ಕೋರು ಪುಸ್ತಕ ಇಂಗ್ಲಿಷಿನಲ್ಲಿ. ಅದರ ಕಾಲಂ ಎರಡೂವರೆ ಇಂಚು. ಹೆಸರಿನ ಮುಂದೆ ಮನೆ, ಮನೆಯ ಮುಂದೆ ಊರು, ಊರಿನ ಮುಂದೆ ತಂದೆ, ಇಷ್ಟನ್ನು ಆ ಜಾಗದಲ್ಲಿ ತುಂಬುವುದು ಹೇಗೆ? ಕೊನೆಗೆ ಎಲ್ಲರನ್ನೂ ಊರಿನ ಹೆಸರಿನಿಂದಲೇ ಬರೆಯುತ್ತೇನೆ: ಪೆರ್ಲ, ಅಡೂರು, ಬಾಯಾರು, ಮುಳ್ಳೇರಿಯ. ಓದಿದವರಿಗೆ ಕಾಸರಗೋಡಿನಿಂದ ಹೊರಟ ಬಸ್ಸುಗಳ ಬೋರ್ಡಿನ ಹಾಗೆ ಕಾಣುತ್ತದೆ.

ಊರಿನ ಹೆಸರು ಸ್ಕೋರು ಪುಸ್ತಕಕ್ಕೆ ಹೊಸದೇನೂ ಅಲ್ಲ. 1999ರ ಫೆಬ್ರವರಿ 7ರಂದು ದಿಲ್ಲಿಯ ಕೋಟ್ಲಾದಲ್ಲಿ ಕೂತಿದ್ದ ಸ್ಕೋರರು ಪಾಕಿಸ್ತಾನದ ಎರಡನೆಯ ಇನಿಂಗ್ಸಿನಲ್ಲಿ ‘ಬೌಲರ್’ ಎಂಬ ಕಾಲಮಿನಲ್ಲಿ ಹತ್ತು ಸಲವೂ ಬರೆದದ್ದು ಒಂದೇ ಹೆಸರು, ಕುಂಬ್ಳೆ. 26.3 ಓವರು, 74 ರನ್ನು, ಹತ್ತೂ ವಿಕೆಟು. ಕೊನೆಯದು ವಾಸಿಂ ಅಕ್ರಂ, ಕ್ಯಾಚು ಲಕ್ಷ್ಮಣ್. ಅನಿಲ್ ಕುಂಬ್ಳೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದೂ ಅಲ್ಲಿಯೇ. ಆದರೆ ಹೆಸರು ನಮ್ಮದು, ಅವರ ಹಿರಿಯರ ಊರು ನಮ್ಮದು. ಟೆಸ್ಟಿನಲ್ಲಿ 619 ವಿಕೆಟು ಎಂದರೆ ಜಗತ್ತಿನ ಮೈದಾನಗಳಲ್ಲಿ 619 ಸಲ ನಮ್ಮ ಪೇಟೆಯ ಹೆಸರನ್ನು ಬರೆದರು ಎಂದೇ ಲೆಕ್ಕ. ಇಷ್ಟು ಪ್ರಚಾರ ಯಕ್ಷಗಾನದ ಪಾರ್ತಿಸುಬ್ಬನಿಂದಲೂ ಕುಂಬಳೆಗೆ ಸಿಕ್ಕಿರಲಿಕ್ಕಿಲ್ಲ. ಕೋಟ್ಲಾಕ್ಕೆ ಮೊದಲು ಟೆಸ್ಟಿನ ಒಂದು ಇನಿಂಗ್ಸಿನ ಹತ್ತೂ ವಿಕೆಟು ಪಡೆದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, 1956ರ ಜುಲೈಯಲ್ಲಿ. ನಮ್ಮ ಕಡೆಯ ಹಿರಿಯರ ಮುಂದೆ 1956 ಎಂದರೆ ಅವರು ಲೇಕರನನ್ನು ನೆನೆಯುವುದಿಲ್ಲ. ಅದೇ ವರ್ಷದ ನವೆಂಬರ್ ಒಂದರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಹೇಳಲು ತೊಡಗುತ್ತಾರೆ, ಮ್ಯಾಚು ಮುಗಿದರೂ ಮಾತು ಮುಗಿಯುವುದಿಲ್ಲ.

ಈ ಹೆಸರಿನ ದುಷ್ಪರಿಣಾಮವೂ ಇದೆ. ಕುಂಬಳೆಯ ಆಸುಪಾಸಿನ ಹುಡುಗರೆಲ್ಲ ತಾವು ಲೆಗ್ ಸ್ಪಿನ್ನರುಗಳೆಂದು ನಂಬಿದ್ದಾರೆ. ಚೆಂಡು ತಿರುಗುವುದಿಲ್ಲ ಎಂದರೆ “ಕುಂಬ್ಳೆಯವರದ್ದೂ ತಿರುಗುತ್ತಿರಲಿಲ್ಲ ಎಂದು ಹೇಳುತ್ತಿದ್ದರಲ್ಲ ಮಾಷ್ಟ್ರೇ?” ಎಂಬ ಉತ್ತರ ತಯಾರಿದೆ. ಬ್ಯಾಟಿಂಗಿನವರಿಗೆ ತಳಂಗರೆ ಇದೆ. ಅಲ್ಲಿನ ಮನೆಯೊಂದರಲ್ಲಿ ಕ್ರಿಕೆಟ್ ಹುಚ್ಚಿನ ಅಣ್ಣನೊಬ್ಬ ಪುಟ್ಟ ತಮ್ಮನಿಗೆ ಅಜರುದ್ದೀನ್ ಎಂದು ಹೆಸರಿಡಿಸಿದ. ಆ ತಮ್ಮ 2021ರ ಜನವರಿ 13ರಂದು ವಾಂಖೆಡೆಯಲ್ಲಿ ಮುಂಬಯಿಯ ವಿರುದ್ಧ 54 ಚೆಂಡಿಗೆ 137 ಹೊಡೆದು ಔಟಾಗದೆ ನಿಂತ. ನೂರಕ್ಕೆ ತಗಲಿದ್ದು 37 ಚೆಂಡು. ಅಂದಿನಿಂದ ನಮ್ಮ ತಂಡದಲ್ಲಿ ಒಂದನೆಯ ಚೆಂಡಿಗೇ ಕಣ್ಣು ಮುಚ್ಚಿ ಬೀಸುವುದಕ್ಕೆ ಶಾಸ್ತ್ರಾಧಾರ ಸಿಕ್ಕಿದಂತಾಗಿದೆ. ಅದಕ್ಕೆ ಒಪ್ಪದವನು ಒಬ್ಬನೇ, ನಮ್ಮ ಓಪನರ್ ಭಾವ. ಅವನ ಗುರು ಸುನಿಲ್ ಗವಾಸ್ಕರ್. ಅದರಲ್ಲೂ 1975ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ 60 ಓವರು ನಿಂತು 174 ಚೆಂಡಿಗೆ 36 ರನ್ನು ಮಾಡಿದ ಗವಾಸ್ಕರ್. ಭಾವ ಕ್ರೀಸಿನಲ್ಲಿದ್ದರೆ ನನಗೆ ಬರವಣಿಗೆ ಸುಲಭ: ಆರು ಚುಕ್ಕಿ ಇಟ್ಟು, ಗೆರೆ ಎಳೆದು ಕೂಡಿಸಿ, ಮೇಡನ್ ಓವರಿನ ‘ಎಂ’ ಮಾಡಿ, ಚಾ ಕುಡಿಯುವುದು.

ರನ್ ಔಟುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರಗಿನವರು ತಿಳಿಯುವುದೇನೆಂದರೆ, ನಾನಾ ಭಾಷೆಯವರು ಜೊತೆಗೆ ಆಡುವುದರಿಂದ ಒಬ್ಬನ ಕೂಗು ಇನ್ನೊಬ್ಬನಿಗೆ ಅರ್ಥವಾಗದೆ ರನ್ ಔಟಾಗುತ್ತಾರೆ ಎಂದು. ಶುದ್ಧ ಸುಳ್ಳು. ನಮ್ಮಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ. ತೊಂದರೆ ಇರುವುದು ದಾಕ್ಷಿಣ್ಯದಲ್ಲಿ. ಮಲಯಾಳ ಮನೆಮಾತಿನ ನಮ್ಮ ಆಲ್‌ರೌಂಡರು (ಎಲ್ಲರಿಗೂ ಅವರು ಇಚ್ಚ) ತುಳುವಿನ ಜೊತೆಗಾರನಿಗೆ ಸುಲಭವಾಗಲಿ ಎಂದು “ಬಲ, ಬಲ!” ಎಂದು ತುಳುವಿನಲ್ಲಿ ಕರೆಯುತ್ತಾರೆ. ಅವನು ಇಚ್ಚನಿಗೆ ಮರ್ಯಾದೆ ಕೊಡಬೇಕೆಂದು “ಬೇಂಡ ಇಚ್ಚಾ, ಬೇಂಡ” ಎಂದು ಮಲಯಾಳದಲ್ಲಿ ಉತ್ತರಿಸುತ್ತಾನೆ. ಅಷ್ಟು ಉಪಚಾರ ಮುಗಿಯುವಾಗ ವಿಕೆಟ್ ಕೀಪರನು ಬೇಲ್ಸು ಹಾರಿಸಿ ಅವನ್ನು ಹುಡುಕಲೂ ಶುರು ಮಾಡಿರುತ್ತಾನೆ. ಸ್ಕೋರು ಪುಸ್ತಕದಲ್ಲಿ ರನ್ ಔಟಿಗೆ ಕಾರಣ ಬರೆಯುವ ಕಾಲಮಿಲ್ಲ.

ದೊಡ್ಡ ಹೊಡೆತಗಳಿಗೂ ಒಂದು ಕಷ್ಟ ಉಂಟು. ಗುಡ್ಡೆಯ ಪಶ್ಚಿಮಕ್ಕೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಅಡಿಕೆ ತೋಟ, ತೋಟದ ಮೇಲ್ತುದಿಯಲ್ಲಿ ಸುರಂಗ. ಬಾವಿಯನ್ನು ಕೆಳಕ್ಕೆ ತೋಡುವ ಬದಲು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ, ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ ಕೊರೆದು ನೀರು ತರುವ ಈ ಉಪಾಯ ನಮ್ಮ ಜಿಲ್ಲೆಯ ಹೆಮ್ಮೆ. ಅದನ್ನು ಕೊರೆದ ಹಿರಿಯರಿಗೆ ಮುಂದೆ ಕ್ರಿಕೆಟ್ ಬರಬಹುದೆಂಬ ಅಂದಾಜು ಇರಲಿಲ್ಲ. ಚೆಂಡು ಸುರಂಗದ ಬಾಯಿಗೆ ಹೊಕ್ಕರೆ ಟಾರ್ಚು ಬೇಕು, ಧೈರ್ಯ ಬೇಕು, ತೋಟದ ಮನೆಯ ಅಜ್ಜಿಯ ಅಪ್ಪಣೆ ಬೇಕು. ಅಜ್ಜಿ ಅಪ್ಪಣೆ ಕೊಡುವ ಮೊದಲು ಬಸಳೆ ಚಪ್ಪರದಲ್ಲಿ ಹಿಂದಿನ ವಾರ ಆದ ತೂತನ್ನು ತೋರಿಸುತ್ತಾರೆ. ಹಿಂದೆ ಚೆಂಡು ಕಳೆದುಹೋದರೆ ‘ಲಾಸ್ಟ್ ಬಾಲ್’ ಎಂದು ಕೂಗಬಹುದಿತ್ತು, ಬ್ಯಾಟಿನವನಿಗೆ ಆರು ರನ್ನಾದರೂ ಸಿಗುತ್ತಿತ್ತು. 2017ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಈಗ ಚೆಂಡು ಸಿಗದಿದ್ದರೆ ಡೆಡ್ ಬಾಲ್ ಅಷ್ಟೇ. ಲಂಡನ್ನಿನವರಿಗೆ ಚೆಂಡು ಕಳೆಯುವುದು ಬಹಳ ಅಪರೂಪವಾಗಿರಬೇಕು. ಅವರೊಮ್ಮೆ ಬಾಯಾರು, ಪೈವಳಿಕೆ ಕಡೆಗೆ ಬಂದು ನೋಡಬೇಕಿತ್ತು.

ಇನ್ನು ಇರುವೆಯ ಮ್ಯಾಚು. ಏಪ್ರಿಲಿನ ಒಂದು ಭಾನುವಾರ. ಹಿಂದಿನ ರಾತ್ರಿ ಊರಿನಲ್ಲಿ ಯಕ್ಷಗಾನ ಇತ್ತು; ನಮ್ಮ ಫಸ್ಟ್ ಸ್ಲಿಪ್ಪಿನವನು ಮಂಗಳ ಹಾಡಿದ ಮೇಲೆ ನೇರ ಮೈದಾನಕ್ಕೆ ಬಂದು ನಿಂತಲ್ಲೇ ತೂಕಡಿಸುತ್ತಿದ್ದ. ಎದುರು ತಂಡ 118ಕ್ಕೆ ಮುಗಿಯಿತು. ನಾವು ಬೆನ್ನಟ್ಟಿದೆವು, ಕೊನೆಯ ಚೆಂಡಿಗೆ ಕೊನೆಯ ಜೋಡಿ ಒಂದು ರನ್ನು ಓಡಿತು. ನನ್ನ ಪುಸ್ತಕದಲ್ಲಿ 118, ಅಂದರೆ ಸಮ. ಪಕ್ಕದ ಪುಸ್ತಕದಲ್ಲಿ 117, ಅಂದರೆ ಅವರಿಗೆ ಒಂದು ರನ್ನಿನ ಗೆಲುವು. ಅವರು ಕುಣಿಯಲು ಹೊರಟವರು ನಮ್ಮವರ ಮುಖ ನೋಡಿ ಅರ್ಧಕ್ಕೆ ನಿಂತರು. ಎರಡೂ ತಂಡ, ಇಬ್ಬರು ಅಂಪೈರುಗಳು, ಚಾ ತಂದವನು, ದಾರಿಯಲ್ಲಿ ಹೋಗುತ್ತಿದ್ದ ಸೋಡಾದ ಆಟೋದವನು, ಎಲ್ಲರೂ ಗೇರು ಮರದ ಕೆಳಗೆ ಸೇರಿದರು. ಆ ಕಡೆಯ ಸ್ಕೋರರು ಪಾಲಿಟೆಕ್ನಿಕ್ಕಿನಲ್ಲಿ ಓದುವ ಹುಡುಗ, ಬಹಳ ಅಚ್ಚುಕಟ್ಟಿನವನು. ಎರಡು ಬಣ್ಣದ ಪೆನ್ನು ಇಟ್ಟುಕೊಂಡು ಬರೆಯುವವನು. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸ್ಕೋರು ಪುಸ್ತಕದ ಒಂದು ಗುಟ್ಟು ಹೆಚ್ಚಿನ ಆಟಗಾರರಿಗೆ ತಿಳಿದಿಲ್ಲ. ಅದರಲ್ಲಿ ಪ್ರತಿ ಚೆಂಡನ್ನೂ ಎರಡು ಕಡೆ ಬರೆಯುತ್ತೇವೆ, ಮೇಲೆ ಹೊಡೆದವನ ಸಾಲಿನಲ್ಲಿ, ಕೆಳಗೆ ಎಸೆದವನ ಚೌಕದಲ್ಲಿ. ಬ್ಯಾಟಿನವರ ರನ್ನಿಗೆ ಎಕ್ಸ್‌ಟ್ರಾಗಳನ್ನು ಕೂಡಿಸಿದರೆ ಬರುವ ಮೊತ್ತವೂ, ಬೌಲರುಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿದರೆ ಬರುವ ಮೊತ್ತವೂ ಒಂದೇ ಆಗಬೇಕು. ಹುಡುಗನ ಪುಸ್ತಕದಲ್ಲಿ ಮೇಲಿನದು 118, ಕೆಳಗಿನದು 117. ಅವರ ಕ್ಯಾಪ್ಟನ್ ಬೌಲರು, ಸಹಜವಾಗಿ ಕೆಳಗಿನದೇ ಸರಿ ಎಂದ. ಒಂದೊಂದೇ ಓವರನ್ನು ಇಬ್ಬರೂ ಓದುತ್ತಾ ಬಂದೆವು. ಒಂಬತ್ತನೆಯ ಓವರಿನಲ್ಲಿ ನನ್ನದು ಐದು ರನ್ನು, ಅವನದು ನಾಲ್ಕು. ನಾಲ್ಕನೆಯ ಚೆಂಡಿನ ಜಾಗದಲ್ಲಿ ಅವನ ಪುಸ್ತಕದಲ್ಲಿ ಒಂದು ಚುಕ್ಕಿ. ಉಳಿದ ಚುಕ್ಕಿಗಳು ನೀಲಿ, ಇದು ಕೆಂಪು ಕಂದು. ಸ್ವಲ್ಪ ದಪ್ಪ. ನಾನು ಕನ್ನಡಕ ಏರಿಸಿ ನೋಡಿದೆ. ಚುಕ್ಕಿಗೆ ಕಾಲಿತ್ತು.

ಹುಡುಗ ಉಗುರಿನ ತುದಿಯಿಂದ ಮೆಲ್ಲನೆ ಕೆರೆದ. ಪುಸ್ತಕ ಮುಚ್ಚಿ ತೆರೆಯುವಾಗಲೋ, ಕೈ ಊರಿದಾಗಲೋ ಅಂಟಿಹೋಗಿದ್ದ ಕೆಂಪಿರುವೆ ಬಿಡಿಸಿಕೊಂಡು ಬಂತು. ಅದರ ಅಡಿಯಲ್ಲಿ ನೀಲಿ ಶಾಯಿಯಲ್ಲಿ ಸಣ್ಣದೊಂದು ‘1’ ಇತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. “ಇರುವೆ ಎಷ್ಟು ಹೊತ್ತಿಗೆ ಸತ್ತದ್ದು ಎಂದು ಗೊತ್ತಾಗಬೇಕಲ್ಲ?” ಎಂದು ಅವರ ವಿಕೆಟ್ ಕೀಪರ್ ಕಾನೂನು ಎತ್ತಿದ. ಮೊಣಕಾಲು ನೋವಿನ ಅಂಪೈರರು ಪುಸ್ತಕವನ್ನು ಬಿಸಿಲಿಗೆ ಹಿಡಿದು ನೋಡಿ, “ಟೈ” ಎಂದರು. ಅದಕ್ಕೆ ಸನ್ನೆ ಇಲ್ಲದ್ದರಿಂದ ಬಾಯಲ್ಲೇ ಹೇಳಬೇಕಾಯಿತು. ಎರಡು ತಂಡಕ್ಕೂ ಸಮಾನ ಅಂಕ, ಎರಡು ತಂಡಕ್ಕೂ ಸಮಾನ ಅಸಮಾಧಾನ. ಸೋಡಾದವನಿಗೆ ಮಾತ್ರ ಒಳ್ಳೆಯ ವ್ಯಾಪಾರ.

ಇರುವೆಯನ್ನು ಪುಸ್ತಕದಲ್ಲಿ ಎಲ್ಲಿ ದಾಖಲಿಸುವುದೆಂದು ಹುಡುಗ ನನ್ನನ್ನು ಕೇಳಿದ. ಅದಕ್ಕೂ ಕಾಲಮಿಲ್ಲ ಎಂದೆ. ದೊಡ್ಡವರ ಆಟದಲ್ಲಿಯೂ ಇಲ್ಲ. 2025ರ ಫೆಬ್ರವರಿಯಲ್ಲಿ ಅಹ್ಮದಾಬಾದಿನ ರಣಜಿ ಸೆಮಿಫೈನಲಿನಲ್ಲಿ ಕೇರಳ 457 ಮಾಡಿತು; ಅದರಲ್ಲಿ ನಮ್ಮ ತಳಂಗರೆಯ ಅಜರುದ್ದೀನನದು ಔಟಾಗದೆ 177. ಗುಜರಾತು 455ಕ್ಕೆ ತಲಪಿತ್ತು, ಒಂದೇ ವಿಕೆಟು ಬಾಕಿ. ಕೊನೆಯವನು ಬಲವಾಗಿ ಬೀಸಿದ ಚೆಂಡು ಹತ್ತಿರದಲ್ಲೇ ನಿಂತಿದ್ದ ಸಲ್ಮಾನ್ ನಿಜಾರನ ಹೆಲ್ಮೆಟ್ಟಿಗೆ ಬಡಿದು ಮೇಲೆ ಹಾರಿತು, ಸ್ಲಿಪ್ಪಿನಲ್ಲಿದ್ದ ಕ್ಯಾಪ್ಟನ್ ಸಚಿನ್ ಬೇಬಿ ಹಿಡಿದ. ಎರಡು ರನ್ನಿನ ಮುನ್ನಡೆಯಿಂದ ಕೇರಳ ಮೊದಲ ಸಲ ರಣಜಿ ಫೈನಲಿಗೆ ಹೋಯಿತು. 2017ಕ್ಕೆ ಮೊದಲಾಗಿದ್ದರೆ ಫೀಲ್ಡರನ ಹೆಲ್ಮೆಟ್ಟಿಗೆ ತಾಗಿದ ಚೆಂಡನ್ನು ಹಿಡಿದರೆ ಔಟೇ ಆಗುತ್ತಿರಲಿಲ್ಲ. ಅಜ್ಜಿಯ ಸುರಂಗದ ಆರು ರನ್ನನ್ನು ಕಿತ್ತುಕೊಂಡ ಅದೇ ನಿಯಮಾವಳಿ ಇಲ್ಲಿ ಕೇರಳಕ್ಕೆ ಫೈನಲು ಕೊಟ್ಟಿತು, ಆದ್ದರಿಂದ ಲಂಡನ್ನಿನವರ ಮೇಲಿನ ನನ್ನ ದೂರನ್ನು ಹಿಂದೆಗೆದುಕೊಂಡಿದ್ದೇನೆ. ಸ್ಕೋರು ಪುಸ್ತಕದಲ್ಲಿ ಆ ಕ್ಯಾಚು ಸಚಿನ್ ಬೇಬಿಯ ಹೆಸರಿಗೆ, ವಿಕೆಟು ಆದಿತ್ಯ ಸರ್ವಟೆಯ ಹೆಸರಿಗೆ. ಪೆಟ್ಟು ತಿಂದ ತಲೆಯ ಹೆಸರು ಎಲ್ಲಿಯೂ ಇಲ್ಲ.

ಇದನ್ನೆಲ್ಲ ಬರೆದದ್ದಕ್ಕೆ ಒಂದು ಸ್ವಾರ್ಥವೂ ಇದೆ. ಬರುವ ಸೀಸನ್ನಿಗೆ ನಮ್ಮ ಕ್ಲಬ್ಬಿಗೆ ಇನ್ನೊಬ್ಬ ಸ್ಕೋರರು ಬೇಕು. ಆಡುವವರು ಊರು ತುಂಬ ಇದ್ದಾರೆ, ಬರೆಯುವವರಿಗೆ ಬರ. ನನ್ನ ಕನ್ನಡಕದ ನಂಬರು ಏರುತ್ತಾ ಇದೆ. ಅರ್ಹತೆ ಹೆಚ್ಚೇನೂ ಬೇಡ. ಒಂದರಿಂದ ಆರರವರೆಗೆ ಬರೆಯಲು ಬರಬೇಕು. ಐದು ಅಪರೂಪಕ್ಕೆ ಬೇಕಾಗುತ್ತದೆ. ಕಂಪಾಸು, ಸ್ಕೇಲು ಬೇಡ, ರಬ್ಬರು ಖಂಡಿತ ಬೇಡ. ಇರುವೆ ಪುಡಿ ಕ್ಲಬ್ಬಿನದ್ದೇ ಇದೆ. ಮಧ್ಯಾಹ್ನ ಬಿರಿಯಾನಿ, ತಿನ್ನದವರಿಗೆ ಅವಲಕ್ಕಿ, ಬಾಳೆಹಣ್ಣು. ಹಲಸಿನ ಹಣ್ಣು ಬಂದರೆ ಪಾಲು ಮಾಡಿಕೊಳ್ಳೋಣ. ಆಸಕ್ತಿ ಇದ್ದವರು ಭಾನುವಾರ ಬೆಳಿಗ್ಗೆ ಎಂಟಕ್ಕೆ ಗುಡ್ಡೆಗೆ ಬನ್ನಿ. ಟಾಸು ಹೇಗೂ ಒಂಬತ್ತೂವರೆಗೆ.